ತಪ್ಪು ಓದಿದ ಸಾಲು

ಹುಳಿಗಂಜಿಯ ವಾಸನೆ ಬಂದರೆ ನಾನು ಈಗಲೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಹೋದ ತಿಂಗಳು ಚಿಕ್ಕಪ್ಪನ ಮಗ ರಾಮಲಿಂಗ ತನ್ನ ಮಗಳ ಮದುವೆಗೆ ಕರೆದಿದ್ದ. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ಬಸ್ಸಿಳಿದು ನಮ್ಮ ಹಳೆಯ ಬೀದಿಗೆ ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಬೀದಿಯ ಎರಡೂ ಕಡೆ ಈಗ ವಿದ್ಯುತ್ ಮಗ್ಗಗಳು, ಪಕ್ಕದಲ್ಲಿರುವವರ ಮಾತು ಕೇಳಿಸದಷ್ಟು ಸದ್ದು. ಆದರೂ ಯಾವುದೋ ಹಿತ್ತಲಲ್ಲಿ ಯಾರೋ ನೂಲಿಗೆ ಹಾಕುವ ಗಂಜಿ ಕಾಯಿಸುತ್ತಿದ್ದರು. ನಾನು ಮದುವೆಯಾಗಿ ಸೇರಿದ್ದು ಕೊಳ್ಳೇಗಾಲಕ್ಕೆ. ಅಲ್ಲಿ ರೇಷ್ಮೆ, ಈ ವಾಸನೆ ಇಲ್ಲ. ನಲವತ್ತು ವರ್ಷ ನೆಮ್ಮದಿಯಾಗಿ ಮರೆತಿದ್ದೆ ಅಂದುಕೊಂಡಿದ್ದ ಒಂದು ಚಳಿಗಾಲ ನಡುಬೀದಿಯಲ್ಲಿ ನನ್ನ ಜುಟ್ಟು ಹಿಡಿದು ನಿಲ್ಲಿಸಿತು.

ಆಗ ಮೂವತ್ತರ ದಶಕ. ನನಗೆ ಹನ್ನೊಂದು ವರ್ಷ. ಬೀದಿಯಲ್ಲಿ ಇದ್ದವರೆಲ್ಲ ಕನ್ನಡದ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾವಾಡುವ ಮಾತಿಗೆ ಅಕ್ಷರವೂ ಇದೆ ಎನ್ನುವುದು ಬಹಳ ಜನಕ್ಕೆ ಮರೆತೇ ಹೋಗಿತ್ತು. ನಮ್ಮ ಕುಲದೇವತೆ ಸೌಡಮ್ಮ, ನನ್ನ ಹೆಸರೂ ಅದೇ. ಅವಳ ಗುಡಿಯಲ್ಲಿ ಹಳೆಯ ಓಲೆಗಳ ಒಂದು ಕಟ್ಟಿತ್ತು. ವರ್ಷಕ್ಕೊಮ್ಮೆ ಅದಕ್ಕೆ ಕುಂಕುಮ ಹಚ್ಚಿ ಮತ್ತೆ ಗಂಟು ಕಟ್ಟುತ್ತಿದ್ದರು, ಓದುವವರು ಒಬ್ಬರೂ ಇರಲಿಲ್ಲ. ಆ ನಾಚಿಕೆ ತಾಳಲಾರದೆ ಹಿರಿಯರು ಮೈಸೂರು ಕಡೆಯಿಂದ ಒಬ್ಬ ಮೇಷ್ಟ್ರನ್ನು ಕರೆಸಿ ಗುಡಿಯ ಜಗಲಿಯ ಮೇಲೆ ಕೂರಿಸಿದರು. ಊರವರಿಗೆ ಅವರು ವಾತ್ಯಾರು. ಸಣಕಲು ಮನುಷ್ಯ, ಎತ್ತು ಎದುರಾದರೆ ಜಗಲಿ ಹತ್ತಿಬಿಡುತ್ತಿದ್ದರು. ಅದನ್ನು ನೋಡಿ ನಾವು ಮಕ್ಕಳು ಬೇಕೆಂದೇ ಎತ್ತುಗಳನ್ನು ಆ ಕಡೆ ಅಟ್ಟುತ್ತಿದ್ದೆವು.

ಮುಂಜಾನೆ ಬೀದಿಯ ಉದ್ದಕ್ಕೂ ಪಾವು ಎಳೆದು ಕಟ್ಟುತ್ತಿದ್ದರು. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದದ ನೂಲು, ಮೇಷ್ಟ್ರ ಬಾಯಲ್ಲಿ ಅದು ಹಾಸು. ಅದಕ್ಕೆ ಗಂಜಿ ಬಳಿದು ಒಣಗಿಸಿ ಸುತ್ತಿದ ಮೇಲೆಯೇ ನಮಗೆ ಪಾಠ. ಹದಿನೈದು ಮಕ್ಕಳಲ್ಲಿ ಕೂಡಕ್ಷರ ತಡವರಿಸದೆ ಓದುತ್ತಿದ್ದವರು ಇಬ್ಬರೇ: ಚಿಕ್ಕಪ್ಪನ ಮಗ ರಾಮಲಿಂಗ ಮತ್ತು ನಾನು. ಈ ರಾಮಲಿಂಗ ಈಗ ಮದುವೆಗೆ ಕರೆದ ರಾಮಲಿಂಗನಲ್ಲ, ಅವನ ಅಣ್ಣ. ನನಗಿಂತ ಎರಡು ತಿಂಗಳಿಗೆ ಚಿಕ್ಕವನು. ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ದೇವಿಯ ಎದುರು, ಇಡೀ ಬೀದಿಯ ಎದುರು, ನಾವಿಬ್ಬರೂ ಆ ಓಲೆಗಳನ್ನು ಓದಬೇಕು ಎಂದು ಮಾತಾಗಿತ್ತು. ಸರಿಯಾಗಿ ಓದಿದರೆ ಶಾಲೆಗೆ ಹೆಂಚಿನ ಮನೆ, ಮೇಷ್ಟ್ರಿಗೆ ಇಲ್ಲೇ ನೆಲೆ. ಓದಲಾಗದಿದ್ದರೆ ಅವರು ಗಂಟುಮೂಟೆ ಕಟ್ಟಬೇಕು. ಹಿರಿಯರು ಹಾಗೆ ಬಾಯಿಬಿಟ್ಟೇ ಹೇಳಿದ್ದರು.

ಮೇಷ್ಟ್ರು ಬೆತ್ತ ಹಿಡಿದವರಲ್ಲ. ತಪ್ಪು ಓದಿದವರು ಅದೇ ಸಾಲನ್ನು ಮೂರು ಸಲ ಸರಿಯಾಗಿ, ಎಲ್ಲರಿಗೂ ಕೇಳುವಂತೆ ಓದಬೇಕು, ಅಷ್ಟೇ ಶಿಕ್ಷೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ರೇಗಿ ಹೇಳಿದೆ: "ಒಂದು ಏಟು ಹೊಡ್ದುಬುಡಿ ವಾತ್ಯಾರೆ, ಈ ಮೂರು ಸಲ ಓದೋ ಪಾಡು ಬ್ಯಾಡ."

"ಏಟು ಸಂಜೆಗೆ ಮರೆತು ಹೋಗುತ್ತೆ ಸೌಡಮ್ಮ," ಎಂದರು. "ಓದು. ಮೂರು ಸಲ."

ಇನ್ನೊಂದು ಪದ್ಧತಿಯಿತ್ತು. ದಿನಕ್ಕೊಂದು ಸಾಲು, ನಮ್ಮ ಮನೆಯ ಸುದ್ದಿ, ಮರಳಿನಲ್ಲಿ ಬೆರಳಿಂದ ಬರೆಯಬೇಕು. ಬೆಕ್ಕು ಮರಿ ಹಾಕಿತು, ಅಜ್ಜಿಗೆ ಹಲ್ಲುನೋವು, ಹೀಗೆ ಏನಾದರೂ ಸರಿ. ಮೇಷ್ಟ್ರು ಅವನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು ಪಕ್ಕದಲ್ಲಿ ತಮ್ಮ ಮಾತೊಂದನ್ನು ಬರೆಯುತ್ತಿದ್ದರು. ಕೆಂಪು ಬಟ್ಟೆಯ ರಟ್ಟಿನ ಆ ಪುಸ್ತಕ ಸದಾ ಅವರ ಕಂಕುಳಲ್ಲಿ ಇರುತ್ತಿತ್ತು.

ಕಾರ್ತಿಕ ಕಳೆದು ಚಳಿ ಬಿತ್ತು. ಜೊತೆಗೆ ಇಲಿಗಳೂ ಬಿದ್ದವು. ಮೊದಲು ಜೋಳದ ಮಂಡಿಯಲ್ಲಿ, ಆಮೇಲೆ ನಮ್ಮ ಬೀದಿಯಲ್ಲಿ. ಗಂಜಿ ಹಾಕಿದ ನೂಲು ಇದ್ದ ಕಡೆ ಇಲಿ ಬಾರದಿರುತ್ತದೆಯೇ? ವಾರದೊಳಗೆ ಎರಡು ಹೆಣ ಎದ್ದವು, ತೊಡೆಸಂದಿಯಲ್ಲಿ ಗೆಡ್ಡೆ. ಸೂಜಿಮದ್ದು ಹಾಕಲು ಬಂದವನನ್ನು ನಮ್ಮ ಗಂಡಸರು ಕಂಬಕ್ಕೆ ಕಟ್ಟಿ ಹೊಡೆದು, ಅವನ ಪೆಟ್ಟಿಗೆಯನ್ನು ಒನಕೆಯಿಂದ ಕುಟ್ಟಿದರು. ನಾವು ಮಕ್ಕಳು ಸುತ್ತ ನಿಂತು ಕೇಕೆ ಹಾಕಿದೆವು. ಸುಳ್ಳು ಏಕೆ ಹೇಳಲಿ, ನಾನೂ ಹಾಕಿದೆ. ಮರುದಿನ ಪೊಲೀಸರು ಬಂದರು. ಲಾಠಿ ಬೀಸಿ ಬೀದಿಯನ್ನೇ ಖಾಲಿ ಮಾಡಿಸಿದರು. ಛಾವಣಿಯ ಹೆಂಚು ಕಿತ್ತು ಕೆಳಗೆ ಎಸೆದರು, ಒಳಗೆ ಬಿಸಿಲು ಬೀಳಲಿ ಎಂದು. ಹೊರಗೆ ಬರಲೊಲ್ಲದೆ ಮಗ್ಗದ ಮರ ಅಪ್ಪಿ ಕೂತ ಚಿಕ್ಕಮ್ಮನನ್ನು ರಟ್ಟೆ ಹಿಡಿದು ಎಳೆದಾಗ ಅವಳ ಬಳೆಯೊಡೆದು ಮೊಣಕೈವರೆಗೆ ರಕ್ತ.

ಎಲ್ಲರೂ ಊರಾಚೆ, ಕೊಯ್ಲಾದ ಜೋಳದ ಹೊಲದಲ್ಲಿ ಕಟ್ಟಿದ ಗರಿಯ ಶೆಡ್ಡುಗಳಿಗೆ ಹೋಗಬೇಕು. ನೂಲು, ಬಟ್ಟೆ ಏನನ್ನೂ ಒಯ್ಯುವಂತಿಲ್ಲ. ಅದು ಅಪ್ಪಣೆ. ಆ ವರ್ಷ ದೇವಿಗೆ ಸೀರೆ ನೇಯುವ ಸರದಿ ನಮ್ಮ ಮನೆಯದು. ಸೀರೆ ಅರ್ಧವಾಗಿತ್ತು. ಮಗ್ಗಕ್ಕೆ ಏರಿದ ಪಾವನ್ನು ನಡುವೆ ಕತ್ತರಿಸುವುದೆಂದರೆ ನಮ್ಮವರಿಗೆ ಮನೆಯ ಕುಡಿ ಕತ್ತರಿಸಿದ ಹಾಗೆ. ಅದರಲ್ಲೂ ದೇವಿಯ ಪಾವು. ಕಾಲಿಳಿಸಿ ಕೂರುವ ಮಗ್ಗದ ಗುಂಡಿಯಲ್ಲಿ ಹಿಂದಿನ ದಿನವಷ್ಟೇ ಮೂರು ಇಲಿ ಸತ್ತು ಬಿದ್ದಿದ್ದವು. ಅಪ್ಪ ಇಕ್ಕಳದಲ್ಲಿ ಎತ್ತಿ ಹಿತ್ತಲಿಗೆ ಎಸೆದ.

"ಯಾರ್‍ಗೂ ಸೊಲ್ಬ್ಯಾಡ ಅಮ್ಮಿಣಿ," ಎಂದ, ಬಾಯಿಯ ಮೇಲೆ ಬೆರಳಿಟ್ಟು. "ತಾಯಿ ಸೀರೆ. ಅವಳೇ ನೋಡ್ಕೊತಾಳೆ."

ಪಾವನ್ನು ಕತ್ತರಿಸದೆ ಹಾಗೇ ಸುತ್ತಿ, ಕೌದಿಯೊಳಗೆ ಇಟ್ಟು, ನಮ್ಮ ಹಾಸಿಗೆಯ ಗಂಟೆಂದು ತೋರಿಸಿ ಶೆಡ್ಡಿಗೆ ಹೊತ್ತು ತಂದ. ನಮ್ಮದೂ ಚಿಕ್ಕಪ್ಪನದೂ ಒಂದೇ ಶೆಡ್ಡು. ಆ ಗಂಟು ಮೆತ್ತಗಿದೆಯೆಂದು ರಾಮಲಿಂಗ ಅದನ್ನೇ ತಲೆದಿಂಬು ಮಾಡಿಕೊಂಡ. ನನಗೂ ಬೇಕೆಂದು ನಾನು ಜಗಳವಾಡಿದೆ, ಗೆದ್ದವನು ಅವನು.

ಮೂರನೆಯ ದಿನ ಮೇಷ್ಟ್ರು ಹೊಲದ ಬದುವಿನ ತಾಳೆಮರಗಳ ಕೆಳಗೆ ಮತ್ತೆ ಪಾಠ ಶುರುಮಾಡಿದರು. ಸುತ್ತ ಸಾವು, ಇವರಿಗೆ ಕಾಗುಣಿತ ಎಂದು ಜನ ಬೈದರು. ಅವರು ಕೇಳಲಿಲ್ಲ. "ತೈ ತಿಂಗಳು ಬಂದೇ ಬರುತ್ತೆ, ಓಲೆ ಓದೋದು ತಪ್ಪಬಾರದು," ಎಂದರು. ಆ ದಿನ ನಾನು ಜಂಬದಿಂದ ಮಣ್ಣಿನಲ್ಲಿ ಬರೆದೆ: ದೇವಿಯ ಸೀರೆ ನಮ್ಮ ಜೊತೆ ಬಂತು. ಮೇಷ್ಟ್ರು ಬಗ್ಗಿ ಓದಿದರು. ಎಲ್ಲಿತ್ತು, ಹೇಗೆ ತಂದಿರಿ ಎಂದು ಮೆಲ್ಲಗೆ ಕೇಳಿದರು. ಅಪ್ಪ ಬೇಡವೆಂದಿದ್ದು ನೆನಪಿದ್ದೂ ನಾನು ಮೂರು ಇಲಿಗಳ ಸುದ್ದಿಯನ್ನೂ, ರಾಮಲಿಂಗನ ತಲೆದಿಂಬಿನ ಸುದ್ದಿಯನ್ನೂ ಉಸುರಿದೆ. ಮೇಷ್ಟ್ರ ಎದುರು ಸುಳ್ಳು ಹೇಳಲು ನನಗೆ ಇನ್ನೂ ಬರುತ್ತಿರಲಿಲ್ಲ. ಅವರು ಕಾಲಿನಿಂದ ಮಣ್ಣು ಉಜ್ಜಿ ನನ್ನ ಸಾಲನ್ನು ಅಳಿಸಿದರು.

"ಇದನ್ನ ಇನ್ಯಾರಿಗೂ ಹೇಳಬೇಡ. ನಿಮ್ಮ ತಂದೆ ಹತ್ತಿರ ನಾನೇ ಮಾತಾಡ್ತೀನಿ, ನಾಳೆ."

ನಾಳೆಯವರೆಗೆ ಕಾಯಲಿಲ್ಲ ಅದು. ಸಂಜೆಗೆ ರಾಮಲಿಂಗನಿಗೆ ಜ್ವರ ಏರಿತು. ಬೆಳಿಗ್ಗೆ ಕಂಕುಳಲ್ಲಿ ಗೆಡ್ಡೆ. ಆರೋಗ್ಯ ಇಲಾಖೆಯವರು ಪೊಲೀಸರ ಜೊತೆ ಬರುವುದು ಕಂಡಿದ್ದೇ ಅಪ್ಪ ಪಾವಿನ ಗಂಟನ್ನು ಜೋಳದ ಕಡ್ಡಿಯ ಮೆದೆಯೊಳಗೆ ಹುದುಗಿಸಿದ. ಅವರು ರಾಮಲಿಂಗನನ್ನು ಬಿದಿರಿನ ತಟ್ಟಿಯ ಮೇಲೆ ಹಾಕಿ ಎತ್ತಿದರು. ಚಿಕ್ಕಪ್ಪ ಅಡ್ಡ ಬಿದ್ದ. ಲಾಠಿ ಅವನ ಹೆಗಲ ಮೇಲೆ ಎರಡು ಸಲ ಬಿತ್ತು, ಮೂರನೆಯದು ಕಿವಿಯ ಮೇಲೆ. ನೆಲಕ್ಕೆ ಬಿದ್ದವನು ಒಬ್ಬ ಪೊಲೀಸಿನವನ ಕಾಲನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದ, ಬಿಡಿಸಲು ಬೂಟಿನಿಂದ ಒದೆಯಬೇಕಾಯಿತು. ರಾಮಲಿಂಗ ನನ್ನ ಹೆಸರು ಕರೆದ. ನಾನು ಅಲುಗಲಿಲ್ಲ. ಎರಡು ದಿನಕ್ಕೆ ಅವನು ಸತ್ತನೆಂದು ಹೇಳಿ ಕಳಿಸಿದರು. ಹೆಣ ಕೊಡಲಿಲ್ಲ. ಸುಣ್ಣ ಸುರಿದು ಹೂತರಂತೆ. ಅಷ್ಟರಲ್ಲಿ ಶೆಡ್ಡುಗಳಲ್ಲಿ ಇನ್ನೂ ನಾಲ್ಕು ಜನ ಹೋದರು.

ಊರು ಬಿಟ್ಟು ಬಂದರೂ ಪಿಳೇಗು ಹೇಗೆ ಹಿಂದೆ ಬಂತು? ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ಮೇಷ್ಟ್ರು ಆರೋಗ್ಯ ಇಲಾಖೆಯ ಅಧಿಕಾರಿಯ ಜೊತೆ ನಿಂತು ಮಾತಾಡಿದ್ದನ್ನು ಯಾರೋ ನೋಡಿದ್ದರು. ಮಕ್ಕಳಿಗೆ ಹಾಲು, ಶೆಡ್ಡಿಗೆ ಸುಣ್ಣ ಕೇಳಲು ಹೋಗಿದ್ದರು ಅವರು. ಆದರೆ ಮನೆಮನೆಯ ಸುದ್ದಿ ಮಕ್ಕಳಿಂದ ಬರೆಸಿಕೊಂಡು ಪುಸ್ತಕಕ್ಕೆ ಇಳಿಸುವವರು ಅಧಿಕಾರಿಯ ಹತ್ತಿರ ಇನ್ನೇನು ಮಾತಾಡುತ್ತಾರೆ?

ಆ ವಾರದ ಕೊನೆಗೆ ದೇವಿಯನ್ನು ಕರೆಯಲು ಗಂಡಸರು ಅಲಗು ಹಿಡಿದರು. ಬರಿಮೈಯಲ್ಲಿ ನಿಂತು ಅಲಗಿನಿಂದ, ಎಂದರೆ ಕತ್ತಿಯಿಂದ, ತಮ್ಮ ಎದೆಗೆ ತಾವೇ ಹೊಡೆದುಕೊಳ್ಳುತ್ತಾ ತಾಯಿಯನ್ನು ಕರೆಯುವ ಪದ್ಧತಿ ನಮ್ಮದು. ಗಾಯಕ್ಕೆ ಅರಿಶಿನದ ಪುಡಿ ಎರಚುತ್ತಾರೆ. ಬೇರೆ ವರ್ಷ ನೋಡಿದರೆ ಮೈ ನವಿರೇಳುತ್ತಿತ್ತು. ಅವತ್ತು ಹೆದರಿಕೆಯಾಯಿತು. ತಾಳ ತಪ್ಪಿತ್ತು, ಏಟುಗಳು ಆಳವಾಗಿ ಬೀಳುತ್ತಿದ್ದವು. ಚಿಕ್ಕಪ್ಪನ ಎದೆಯಿಂದ ಪಂಚೆಯವರೆಗೆ ರಕ್ತ ಹರಿದಿತ್ತು. ದೇವಿ ಬರಲಿಲ್ಲ. ಮಧ್ಯಾಹ್ನದ ಬಿಸಿಲು ನೆತ್ತಿಗೇರಿದಾಗ ಚಿಕ್ಕಪ್ಪ ಇದ್ದಕ್ಕಿದ್ದಂತೆ ನಿಂತು ತಾಳೆಮರಗಳ ಕಡೆ ನೋಡಿದ.

ಮೇಷ್ಟ್ರನ್ನು ಎಳೆದು ತರಲು ಇಬ್ಬರು ಸಾಕಾದರು. ಕಂಕುಳ ಪುಸ್ತಕವನ್ನು ಕಿತ್ತು ಚಿಕ್ಕಪ್ಪನ ಕೈಗೆ ಕೊಟ್ಟರು. ಚಿಕ್ಕಪ್ಪ ಅದನ್ನು ತಿರುವಿ ಹಾಕಿದ, ಅವನ ಬೆರಳಿನ ರಕ್ತ ಹಾಳೆಗಳಿಗೆ ಹತ್ತಿತು. ಅಲ್ಲಿದ್ದ ಒಬ್ಬ ಗಂಡಸಿಗೂ ಆ ಅಕ್ಷರ ಗೊತ್ತಿರಲಿಲ್ಲ. ಓದಬಲ್ಲ ಇಬ್ಬರಲ್ಲಿ ಒಬ್ಬ ಸುಣ್ಣದ ಕೆಳಗೆ ಇದ್ದ.

"ಬಾ ಅಮ್ಮಿಣಿ," ಎಂದ ಚಿಕ್ಕಪ್ಪ. ನನ್ನ ಮೇಲೆ ಅವನಿಗೆ ಮಗನಷ್ಟೇ ಪ್ರೀತಿ. "ಕಡೇ ಹಾಳೆ ಓದು. ಇವ್ನು ಏನು ಬರ್ದವ್ನೆ, ಎಲ್ಲಾರ್‍ಗೂ ಕೇಳಂಗೆ ಓದು."

ಓದಿದೆ, ಮನಸ್ಸಿನಲ್ಲಿ. ದುಂಡನೆಯ ಅಕ್ಷರ, ಒಂದೂ ಕಷ್ಟದ್ದಲ್ಲ. 'ಸೌಡಮ್ಮನ ಮನೆ. ಮಗ್ಗದ ಗುಂಡಿಯಲ್ಲಿ ಮೂರು ಇಲಿ. ಹಾಸನ್ನು ಕತ್ತರಿಸದೆ ಶೆಡ್ಡಿಗೆ ತಂದಿದ್ದಾರೆ. ರಾಮಲಿಂಗ ಅದರ ಮೇಲೆ ತಲೆಯಿಟ್ಟು ಮಲಗುತ್ತಾನೆ, ಅವನನ್ನು ಬೇರೆ ಮಲಗಿಸಬೇಕು. ಅಧಿಕಾರಿಗೆ ತಿಳಿಸಿಲ್ಲ, ತಿಳಿಸಿದರೆ ಸುಡುತ್ತಾರೆ. ನಾಳೆ ತಂದೆಗೆ ಹೇಳಿ ಬಿಸಿಲಿಗೆ ಹಾಕಿಸಬೇಕು.'

ತಲೆಯೆತ್ತಿದೆ. ಜನರ ಹಿಂದೆ ಅಪ್ಪ ನಿಂತಿದ್ದ. ಅವನಿಗೂ ಓದು ಬಾರದು, ಆದರೆ ನನ್ನ ಮುಖ ಓದಲು ಬರುತ್ತಿತ್ತು. ಅವನ ತುಟಿ ಬೆಳ್ಳಗಾಗಿತ್ತು. ಆ ಸಾಲನ್ನು ಇದ್ದ ಹಾಗೆ ಓದಿದ್ದರೆ ಆ ಕತ್ತಿಗಳ ನಡುವೆ ಅವನು ಒಂದು ಗಳಿಗೆಯೂ ಉಳಿಯುತ್ತಿರಲಿಲ್ಲ. ಮೊದಲ ಏಟು ಹಾಕುವವನು ಅವನ ಸ್ವಂತ ತಮ್ಮ.

ನಾನು ಜೋರಾಗಿ, ತಡವರಿಸದೆ ಓದಿದೆ: "ಯಾರ ಯಾರ ಮನೆಯಲ್ಲಿ ಜ್ವರ ಬಂದಿದೆ ಎಂದು ಅಧಿಕಾರಿಗೆ ತಿಳಿಸಿದ್ದೇನೆ. ರಾಮಲಿಂಗನನ್ನು ಎತ್ತಿಕೊಂಡು ಹೋಗಲು ಹೇಳಿದ್ದೇನೆ."

ಎಷ್ಟು ಚೆನ್ನಾಗಿ ಕಟ್ಟಿದ್ದೆ ನೋಡಿ ಆ ಸಾಲನ್ನು! ದಿನಕ್ಕೊಂದು ಸಾಲು ಕಟ್ಟುವುದನ್ನು ಕಲಿಸಿದವರು ಅವರೇ.

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರ ಕಣ್ಣು ಜನರ ಹಿಂದೆ ನಿಂತ ಅಪ್ಪನ ಕಡೆ ಹೋಯಿತು, ಮತ್ತೆ ನನಗೆ ಬಂತು. ಪುಸ್ತಕದಲ್ಲಿ ಇರುವುದೇನೆಂದು ಅವರೇ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

"ತಪ್ಪು ಓದಿದೆ ಸೌಡಮ್ಮ," ಎಂದರು ಅಷ್ಟೇ, ಜಗಲಿಯ ಮೇಲೆ ಹೇಳುತ್ತಿದ್ದ ಹಾಗೆಯೇ.

"ಕೊಳಂದೇನ ಯಾಕ್ಲಾ ಮಿರಟ್ತೀಯ?" ಮಗುವನ್ನೇ ಹೆದರಿಸುತ್ತೀಯಾ ಎಂದು ಯಾರೋ ಅವರ ಬಾಯಿಗೆ ಗುದ್ದಿದರು.

ಚಿಕ್ಕಪ್ಪ ಅಲಗನ್ನು ಕಣ್ಣಿಗೊತ್ತಿಕೊಂಡು ಜೋಪಾನವಾಗಿ ಬಾಳೆಲೆಯ ಮೇಲೆ ಇಟ್ಟ. ದೇವಿಯ ಕತ್ತಿ ಬೇರೆಯವರ ರಕ್ತ ಮುಟ್ಟಬಾರದು. ಆಮೇಲೆ ಬಂಡಿಯ ಗೂಟ ಕಿತ್ತುಕೊಂಡ. "ಬರ್ದ ಕೈ ಇದೇ ತಾನೆ?" ಎಂದ. ಬಲಗೈಯನ್ನು ಕಲ್ಲಿನ ಮೇಲೆ ಇಟ್ಟು ಇಬ್ಬರು ಮಂಡಿಯೂರಿ ಹಿಡಿದರು. ಎಷ್ಟು ಏಟು ಎಂದು ನಾನು ಎಣಿಸಲಿಲ್ಲ. ಮೊದಲನೆಯದಕ್ಕೆ ಅವರು ಕೂಗಿದರು, ಆಮೇಲೆ ಕೂಗಲಿಲ್ಲ. ಬೆರಳುಗಳು ಬೆರಳಿನ ಆಕಾರ ಕಳೆದುಕೊಳ್ಳುವವರೆಗೆ ಚಿಕ್ಕಪ್ಪ ನಿಲ್ಲಿಸಲಿಲ್ಲ. ಉಳಿದವರು ಬೆನ್ನಿಗೆ, ಪಕ್ಕೆಗೆ, ಒದ್ದರು. ಮಕ್ಕಳಲ್ಲಿ ಕೆಲವರು ಕಲ್ಲೆಸೆದರು, ಅವರ ಹತ್ತಿರ ಅ ಆ ಕಲಿತ ಮಕ್ಕಳೇ. ನಾನು ಪುಸ್ತಕ ಹಿಡಿದು ನಿಂತೇ ಇದ್ದೆ.

ಸಂಜೆಗೆ ಮೊದಲು ಒಬ್ಬ ಬಂಡಿಯವನು ಅವರನ್ನು ಕೊಯಮತ್ತೂರಿಗೆ ಒಯ್ಯಲು ಒಪ್ಪಿದ. ಎತ್ತಿಹಾಕಲು ಯಾರೂ ಬರಲಿಲ್ಲ. ಅಪ್ಪನೇ ಹೋದ. ನಾನು ಹಿಂದೆ ಹೋದೆ. ಎತ್ತು ಪಕ್ಕದಲ್ಲೇ ಬುಸುಗುಟ್ಟುತ್ತಿದ್ದರೂ ಅವತ್ತು ಮೇಷ್ಟ್ರು ಬೆಚ್ಚಲಿಲ್ಲ. ಒಡೆದ ಬಾಯಿಂದ ಅವರು ಅಪ್ಪನಿಗೆ ಹೇಳಿದ್ದು ಇಷ್ಟೇ:

"ಹಾಸನ್ನ ಬಿಸಿಲಿಗೆ ಹಾಕಿ ಯಜಮಾನ್ರೆ. ಮಕ್ಕಳನ್ನ ಅದರ ಹತ್ತಿರ ಬಿಡಬೇಡಿ."

ನನ್ನ ಕಡೆ ನೋಡಲಿಲ್ಲ. ಬಂಡಿ ಹೋಯಿತು. ಅವರು ಬದುಕಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಮುಂಜಾನೆ ಅಪ್ಪ ಮೆದೆಯಿಂದ ಪಾವನ್ನು ತೆಗೆದು, ಮುಳ್ಳಿನ ರಾಶಿಯ ಮೇಲೆ ಹಾಕಿ, ತಾನೇ ಬೆಂಕಿಯಿಟ್ಟ. ಗಂಜಿ ಸುಟ್ಟ ವಾಸನೆ ಹೊಲವೆಲ್ಲ ಹಬ್ಬಿತು. ಕೇಳಿದವರಿಗೆ ಗೆದ್ದಲು ಹಿಡಿದಿತ್ತು ಎಂದ. ಆಮೇಲೆ ಅವನು ಮಗ್ಗಕ್ಕೆ ಕೂರಲಿಲ್ಲ, ಕೊಯಮತ್ತೂರಿನ ಗಿರಣಿಗೆ ಸೇರಿದ. ಬಂಡಿ ಹೋದ ಸಂಜೆಯೇ ಅವನು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಿದ್ದ. ಎಲ್ಲಿಟ್ಟನೆಂದು ನಾನು ಕೇಳಲಿಲ್ಲ, ನಾನು ಓದಿದ್ದು ನಿಜವೇ ಎಂದು ಅವನೂ ಕೇಳಲಿಲ್ಲ.

ಪಂಗುನಿ ತಿಂಗಳಲ್ಲಿ, ಯುಗಾದಿಯ ಹೊತ್ತಿಗೆ, ಬೀದಿಗೆ ಮರಳಿದೆವು. ತೈ ಯಾವಾಗಲೋ ಕಳೆದುಹೋಗಿತ್ತು, ಓಲೆಯ ಕಟ್ಟು ಗುಡಿಯಲ್ಲಿ ಹಾಗೇ ಉಳಿಯಿತು. ಸತ್ತವರ ಮಗ್ಗಗಳಿಗೆ ಕೈ ಬೇಕಿತ್ತು, ನಾಲ್ಕು ತಿಂಗಳು ಓದು ಬಿಟ್ಟ ಮಕ್ಕಳು ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂತರು. ಹಾಗೆ ಕೂತವರು ಮತ್ತೆ ಏಳಲಿಲ್ಲ. ಎರಡು ವರ್ಷದ ಮೇಲೆ ಸರ್ಕಾರದ ಪಳ್ಳಿಕೂಡ ಬಂತು, ತಮಿಳು ಶಾಲೆ. ಹುಡುಗರು ಹೋದರು, ಅವರ ಮಕ್ಕಳೂ ಹೋದರು, ಬುದ್ಧಿವಂತರಾದರು, ಒಬ್ಬಿಬ್ಬರು ಇಂಜಿನಿಯರೂ ಆದರು. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ನಮ್ಮ ಅಕ್ಷರ ಯಾಕೆ ಹೋಯಿತು ಎಂದು ಈಗಿನವರು ಒಂದೊಂದು ಕಾರಣ ಹೇಳುವಾಗ, ಸರ್ಕಾರ ಎನ್ನುವಾಗ, ಕಾಲ ಎನ್ನುವಾಗ, ನನಗೆ ಮೈಯೆಲ್ಲ ಉರಿಯುತ್ತದೆ. ಪಿಳೇಗು ಶಾಲೆಯನ್ನು ನಾಲ್ಕು ತಿಂಗಳು ಮುಚ್ಚಿಸಿತ್ತು, ಅಷ್ಟೇ. ತಾಳೆಮರದ ಕೆಳಗೆ ಅದು ಮೂರೇ ದಿನದಲ್ಲಿ ಮತ್ತೆ ತೆರೆದಿತ್ತು. ಪೂರ್ತಿ ಮುಚ್ಚಿದವಳು ನಾನು.

ಮದುವೆಯ ಹಿಂದಿನ ದಿನ ರಾಮಲಿಂಗ ನನ್ನನ್ನು ಒಳಮನೆಗೆ ಕರೆದ. ಸತ್ತ ಮಗನ ಹೆಸರನ್ನೇ ಚಿಕ್ಕಪ್ಪ ಆಮೇಲೆ ಹುಟ್ಟಿದ ಇವನಿಗೆ ಇಟ್ಟಿದ್ದ. ಅಪ್ಪ ಕೊನೆಗಾಲದಲ್ಲಿ ಇದ್ದದ್ದೂ ಇವನ ಮನೆಯಲ್ಲೇ.

"ದೊಡ್ಡಪ್ಪನ ಪೆಟ್ಟೀಲಿ ಸಿಕ್ತು ಅಕ್ಕಾ," ಎಂದು ಕೆಂಪು ಬಟ್ಟೆಯ ರಟ್ಟಿನ ಪುಸ್ತಕವನ್ನು ಕೈಗಿಟ್ಟ. "ನಮ್ಮೋರಲ್ಲಿ ಈ ಕನ್ನಡ ಎಳುತ್ತು ಓದೋದು ನೀನೊಬ್ಳು ತಾನೆ. ತಾಯಿ ಕೋಯಿಲ್ ವಿಷ್ಯ ಏನಾನ ಇರ್ಬೋದು, ಓದು ನೋಡಾನ."

ಕಡೆಯ ಹಾಳೆ ತೆರೆದೆ. ಅಂಚಿನಲ್ಲಿ ಕಂದು ಬಣ್ಣದ ಬೆರಳ ಗುರುತು, ಅವನಪ್ಪನದು. ಇದು ಬರೀ ಮಕ್ಕಳ ಬರವಣಿಗೆ ಎಂದು ಹೇಳಿ ಮುಚ್ಚಿಡಬಹುದಿತ್ತು. ನಾಲಿಗೆಯ ತುದಿಗೆ ಆ ಸುಳ್ಳು ಬಂದೂ ಇತ್ತು. ನಾನು ಓದಿದೆ. ಇದ್ದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ. ತನ್ನ ಹೆಸರು ಬಂದಾಗ ರಾಮಲಿಂಗ ನಕ್ಕ. ಆಮೇಲೆ ಅದು ತನ್ನ ಹೆಸರಲ್ಲವೆಂದು ಗೊತ್ತಾಗಿ ನಗು ನಿಂತಿತು. ಇಲಿ, ಪಾವು, ತಲೆದಿಂಬು, ಆವತ್ತು ನಾನು ಎಲ್ಲರೆದುರು ಓದಿದ್ದು, ಎಲ್ಲವನ್ನೂ ಹೇಳಿದೆ. ಅವನು ಗೋಡೆಗೆ ಒರಗಿ ಕೂತುಬಿಟ್ಟ.

"ಆ ಕೈ ಮುರ್‍ದಿದ್ದು ನಮ್ಮಪ್ಪ ತಾನೆ? ಅಪ್ಪಂಗೆ ತೆರಿಯಾಗಿತ್ತಾ ಇದು, ಗೊತ್ತಿತ್ತಾ?"

"ಇಲ್ಲ. ಕಡೇವರ್‍ಗೂ ಇಲ್ಲ."

ನಾನು ಎರಡನೆಯ ಸಲ ಓದಲು ಶುರುಮಾಡಿದೆ. ಮಗ್ಗಗಳ ಸದ್ದನ್ನು ಮೀರಿಸಲು ದನಿಯೆತ್ತಬೇಕಾಯಿತು. ಮದುವೆಗೆ ಬಂದ ನಾಲ್ಕಾರು ಹೆಂಗಸರು ಬಾಗಿಲಿಗೆ ಬಂದು ನಿಂತರು.

"ಸಾಕಕ್ಕಾ," ಎಂದ ರಾಮಲಿಂಗ. ಅವನ ಕಣ್ಣು ತುಂಬಿತ್ತು. "ಕೇಳ್ದೆ ತಾನೆ. ಸಾಕು ಬುಡು."

"ಸಾಲ್ದಪ್ಪಾ," ಎಂದೆ. "ಇನ್ನೊಂದು ಸಲ ಇದೆ."

ಮೂರನೆಯ ಸಲವೂ ಓದಿದೆ. ಒಂದಕ್ಷರವೂ ತಪ್ಪಲಿಲ್ಲ.